ತಿಮ್ಮಿಯ ಉಸಿರು, ತಿಮ್ಮಿಯ ಜಾಗ

ಭಟ್ಕಳದಿಂದ ಕುಮಟಾದವರೆಗೆ ನನಗೆ ಜಗಳಗಂಟಿ ಎಂಬ ಹೆಸರಿದೆ. ಇರಲಿ ಬಿಡಿ. ಸೋಮವಾರ ಭಟ್ಕಳ, ಮಂಗಳವಾರ ಹೊನ್ನಾವರ, ಬುಧವಾರ ಕುಮಟಾ ಎಂದು ಕಾರು ಓಡಿಸಿಕೊಂಡು ತಿರುಗುವ ಅರಿವಳಿಕೆ ಡಾಕ್ಟರು ನಾನು. ಹೆಸರು ದೀಕ್ಷಾ, ಬಾಡ ಊರಿನ ದೋಣಿಯವರ ಮನೆಯ ಮಗಳು. ಆಪರೇಷನ್ ಮುಗಿದ ಮೇಲೆ ಜನ ಸರ್ಜನ್‌ಗೆ ಕೈಮುಗಿಯುತ್ತಾರೆ, ಎಳನೀರು ತಂದುಕೊಡುತ್ತಾರೆ. ನನ್ನನ್ನು ‘ಆ ಇಂಜೆಕ್ಷನ್ ಕೊಟ್ಟವರು’ ಎನ್ನುತ್ತಾರೆ. ಅದಕ್ಕೆಲ್ಲ ನನಗೆ ಸಿಟ್ಟು ಬರುವುದಿಲ್ಲ. ನನ್ನ ಕೆಲಸವನ್ನು ಹೇಗೆ ಮಾಡಬೇಕೆಂದು ಬೇರೆಯವರು ನನಗೆ ಹೇಳಿಕೊಡಲು ಬಂದಾಗ ಮಾತ್ರ ಬರುತ್ತದೆ. ಬಂದರೆ ಸುಲಭಕ್ಕೆ ಇಳಿಯುವುದೂ ಇಲ್ಲ.

ಆ ಮಂಗಳವಾರ ಹೊನ್ನಾವರದ ಕೆಲಸ ಮುಗಿಸಿ ಸಂಜೆ ಕುಮಟಾಕ್ಕೆ ಬಂದೆ. ಮರುದಿನ ಡಾಕ್ಟರ್ ಹರಿಹರ ಅವರ ನರ್ಸಿಂಗ್ ಹೋಮಿನಲ್ಲಿ ಒಂದು ಪಿತ್ತಕೋಶದ ಆಪರೇಷನ್ ಇತ್ತು. ಕಲ್ಲು ತುಂಬಿದ ಪಿತ್ತಕೋಶವನ್ನು ಹೊಟ್ಟೆ ಸೀಳದೆ, ನಾಲ್ಕು ಸಣ್ಣ ತೂತು ಮಾಡಿ, ಟಿವಿಯಲ್ಲಿ ನೋಡುತ್ತ ತೆಗೆಯುವ ಆಪರೇಷನ್. ಅರಿವಳಿಕೆ ಕೊಡಬೇಕಾದವರನ್ನು ಹಿಂದಿನ ದಿನವೇ ಮಾತಾಡಿಸುವುದು ನನ್ನ ಪದ್ಧತಿ. ವಾರ್ಡಿಗೆ ಹೋದರೆ ಹಾಸಿಗೆಯ ತುಂಬ ಒಬ್ಬ ಹೆಂಗಸು ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಕುಮಟಾ ಮೀನುಪೇಟೆಯ ತಿಮ್ಮಿ. ವಯಸ್ಸು ಐವತ್ತನಾಲ್ಕು, ತೂಕ ತೊಂಬತ್ತೊಂದು ಕಿಲೋ. ಬದಿಯಲ್ಲಿ ಮಗ ಮಾಬ್ಲ ನಿಂತಿದ್ದ. ಬೋಟಿಗೆ ಹೋಗುವವನು, ತಾಯಿಗಾಗಿ ಆ ವಾರ ದಡದಲ್ಲಿ ಉಳಿದಿದ್ದ.

“ಡಾಕ್ಟ್ರಮ್ಮ, ಮೊದ್ಲು ಒಂದು ಮಾತು,” ಎಂದಳು ತಿಮ್ಮಿ. ನಾನಿನ್ನೂ ಕುರ್ಚಿ ಎಳೆದಿರಲಿಲ್ಲ. “ಸಣ್ಣ ತೂತು ಮಾಡ್ತ್ರಿ ಅಂದ್ರೆ ಮಾತ್ರ ನಾ ಮಲ್ಕಂತೆ. ಹೊಟ್ಟೆ ಕೊಯ್ತ್ರಿ ಅಂದ್ರೆ ಈಗ್ಲೇ ಎದ್ದು ಹೋತೆ.”

“ಎಂತಕ್ಕೆ? ಹೆದ್ರಿಕೆಯಾ?”

“ಹೆದ್ರಿಕೆ ಎಂತದು! ಜಾಗ ಹೋತದೆ.”

ಆಮೇಲೆ ವಿಷಯ ಬಿಡಿಸಿ ಹೇಳಿದಳು. ಪೇಟೆಯಲ್ಲಿ ಅವಳು ಕೂರುವ ಸಾಲಿಗೆ ಒಂದು ಕಟ್ಟುಪಾಡು ಇದೆ. ಯಾರೂ ಬರೆದಿಟ್ಟದ್ದಲ್ಲ, ಎಲ್ಲರಿಗೂ ಗೊತ್ತು. ಕೂರುವ ಜಾಗವನ್ನು ಏಳು ದಿನ ಖಾಲಿ ಬಿಡಬಹುದು. ಎಂಟನೆಯ ದಿನವೂ ಬರದಿದ್ದರೆ ಪಕ್ಕದವಳು ತನ್ನ ಬುಟ್ಟಿಯನ್ನು ಅಲ್ಲಿಗೆ ಸರಿಸುತ್ತಾಳೆ, ಆಮೇಲೆ ಯಾರೂ ಅವಳನ್ನು ಎಬ್ಬಿಸುವಂತಿಲ್ಲ. ಮಗಳೋ ಸೊಸೆಯೋ ಬದಲಿಗೆ ಕೂರಬಹುದು. ತಿಮ್ಮಿಗೆ ಮಗಳಿಲ್ಲ, ಮಾಬ್ಲನಿಗೆ ಇನ್ನೂ ಮದುವೆಯಾಗಿಲ್ಲ. ಗಂಡಸರು ಆ ಸಾಲಿನಲ್ಲಿ ಕೂರುವುದಿಲ್ಲ. ತಿಮ್ಮಿಯ ಜಾಗ ಬಾಗಿಲ ಎದುರಿನದು, ಒಳಗೆ ಬಂದವರು ಮೊದಲು ನೋಡುವುದೇ ಅವಳ ಬುಟ್ಟಿಯನ್ನು. ಅವಳ ತಾಯಿ ಕೂತಿದ್ದ ಜಾಗ. ಪಕ್ಕದ ಕಾಳಿಗೆ ಹದಿನೈದು ವರ್ಷದಿಂದ ಅದರ ಮೇಲೆ ಕಣ್ಣು.

“ಭಾನುವಾರ ಕೂತಿದ್ದೆ. ಸೋಮವಾರ ಹೊಟ್ಟೆನೋವು ಬಂದು ಬಿದ್ದೆ. ಬಪ್ಪು ಸೋಮವಾರಕ್ಕೆ ಎಂಟಾತು. ಅವತ್ತು ನಾ ಅಲ್ಲಿ ಇರೂಕೇ ಬೇಕು.”

ಲೆಕ್ಕ ಹಾಕಿದೆ. ತೂತಿನ ಆಪರೇಷನ್ ಆದರೆ ಶುಕ್ರವಾರ ಮನೆ, ಸೋಮವಾರ ಮೆಲ್ಲಗೆ ಹೋಗಿ ಕೂರಬಹುದು, ಬುಟ್ಟಿಯನ್ನು ಬೇರೆಯವರು ಎತ್ತಿಕೊಟ್ಟರೆ ಸಾಕು. ಹೊಟ್ಟೆ ಸೀಳಿದರೆ, ಅದೂ ಇಷ್ಟು ದಪ್ಪದ ಹೊಟ್ಟೆ, ಹತ್ತು ದಿನ ಆಸ್ಪತ್ರೆಯಲ್ಲೇ ಆದೀತು. ಗಾಯ ಕೀವಾದರೆ ತಿಂಗಳುಗಟ್ಟಲೆ.

“ನೀವು ಒಳಗೆ ಇರ್ತ್ರಿ ಅಲ್ದಾ? ಅವ್ರು ಕೊಯ್ಯೂಕೆ ಹೊರಟ್ರೆ ತಡೀರಿ,” ಎಂದಳು.

“ನೋಡು ತಿಮ್ಮಕ್ಕ, ನಿನ್ನ ಜೀವಕ್ಕೆ ಬೇಕು ಅಂತಾದ್ರೆ ನಾ ತಡೆಯೂದಿಲ್ಲ. ಯಾರದ್ದಾದ್ರೂ ಅವಸರಕ್ಕೆ, ಸಿಟ್ಟಿಗೆ ಅಂತಾದ್ರೆ ಕೊಯ್ಯೂಕೆ ಬಿಡೂದಿಲ್ಲ.”

“ಆತು,” ಎಂದು ಅವಳು ಕಾಲು ಚಾಚಿದಳು.

ಕೇಸ್ ಶೀಟು ನೋಡಿದೆ. ತೂಕ ಬರೆದಿದ್ದರು, ಎತ್ತರ ಬರೆದಿರಲಿಲ್ಲ. ಕೇಳಿದರೆ ನರ್ಸ್ ನಕ್ಕಳು. ಹಾಸ್ಪಿಟಲ್ಲಿಗೆ ಎತ್ತರ ಯಾಕೆ ಮೇಡಂ, ಪೊಲೀಸ್ ಸೆಲೆಕ್ಷನ್ನಾ, ಅಂದಳು. ತಿಮ್ಮಿಯನ್ನು ಗೋಡೆಗೆ ನಿಲ್ಲಿಸಿ ನಾನೇ ಟೇಪು ಹಿಡಿದೆ. ನಾಲ್ಕು ಅಡಿ ಒಂಬತ್ತು ಇಂಚು.

ಎತ್ತರ ಯಾಕೆ ಬೇಕೆಂದು ಇಲ್ಲೇ ಹೇಳಿಬಿಡುತ್ತೇನೆ, ನರ್ಸಿಗೂ ಹೇಳಿದೆ. ಅರಿವಳಿಕೆ ಕೊಟ್ಟ ಮೇಲೆ ಮನುಷ್ಯ ತಾನಾಗಿ ಉಸಿರಾಡುವುದಿಲ್ಲ, ಯಂತ್ರ ಆಡಿಸುತ್ತದೆ. ಒಂದೊಂದು ಉಸಿರಿಗೆ ಎಷ್ಟು ಗಾಳಿ ಎಂದು ಅದಕ್ಕೆ ನಾವು ಹೇಳಬೇಕು. ಊಟ ಮಾಡಿ ಮೈ ಬೆಳೆಸಬಹುದು, ಶ್ವಾಸಕೋಶ ಬೆಳೆಸಲು ಬರುವುದಿಲ್ಲ. ಅದು ಎತ್ತರಕ್ಕೆ ತಕ್ಕಷ್ಟೇ ಇರುತ್ತದೆ. ತೊಂಬತ್ತೊಂದು ಕಿಲೋದ ತಿಮ್ಮಿಯ ಎದೆಯೊಳಗೆ ಇರುವುದು ನಲವತ್ತು ಕಿಲೋದ ಸಣ್ಣ ಹೆಂಗಸಿನ ಶ್ವಾಸಕೋಶ.

ಆದರೆ ಹರಿಹರ ಅವರ ಆಪರೇಷನ್ ಕೋಣೆಯ ಯಂತ್ರದ ಮೇಲೆ ಹಳೆಯ ಚೀಟಿಯೊಂದು ಅಂಟಿತ್ತು: ‘ವಾಲ್ಯೂಮ್ ಮೋಡ್. ತೂಕ × 8. ಬದಲಿಸಬಾರದು.’ ಎಂದೋ ಬಂದುಹೋದ ಅರಿವಳಿಕೆ ಡಾಕ್ಟರೊಬ್ಬರು ಬರೆದದ್ದು. ಬುಧವಾರ ಬೆಳಿಗ್ಗೆ ನಾನು ಒಳಗೆ ಕಾಲಿಡುವಷ್ಟರಲ್ಲಿ ಟೆಕ್ನಿಷಿಯನ್ ದೇವರಾಜ ಗುಣಿಸಿ, ಏಳುನೂರ ಇಪ್ಪತ್ತೆಂಟು ಮಿಲಿ ಎಂದು ಇಟ್ಟು ತಯಾರಾಗಿದ್ದ. ನಾನು ನಲವತ್ತು ಕಿಲೋದ ಲೆಕ್ಕ ಹಿಡಿದು ಮುನ್ನೂರ ಇಪ್ಪತ್ತು ಮಾಡಿದೆ. ಮೋಡನ್ನೂ ಬದಲಿಸಿದೆ.

“ಮೇಡಂ, ಚೀಟಿ...” ಎಂದ ದೇವರಾಜ.

“ಚೀಟಿ ಉಸಿರಾಡ್ತದಾ?” ಎಂದೆ.

ಆ ಯಂತ್ರಕ್ಕೆ ಬರುವುದು ಎರಡೇ ಮೋಡು, ಅಂದರೆ ಗಾಳಿ ಕೊಡುವ ಎರಡೇ ಬಗೆ. ವಾಲ್ಯೂಮ್ ಮೋಡಿನಲ್ಲಿ ಹೇಳಿದಷ್ಟು ಗಾಳಿಯನ್ನು ಯಂತ್ರ ತಳ್ಳಿಯೇ ತಳ್ಳುತ್ತದೆ, ಅದಕ್ಕೆ ಎಷ್ಟು ಒತ್ತಡ ಬೇಕಾದರೂ ಹಾಕುತ್ತದೆ. ಪ್ರೆಷರ್ ಮೋಡಿನಲ್ಲಿ ಹೇಳಿದ ಒತ್ತಡ ದಾಟುವುದಿಲ್ಲ, ಆದರೆ ಅಷ್ಟರಲ್ಲಿ ಎಷ್ಟು ಗಾಳಿ ಹೋಯಿತೋ ಅಷ್ಟೇ. ಒಂದು ಮಾತು ಉಳಿಸಿಕೊಂಡರೆ ಇನ್ನೊಂದು ತಪ್ಪುವ ಯಂತ್ರ. ತೂತಿನ ಆಪರೇಷನ್ನಿನಲ್ಲಿ ಒಳಗೆ ಕಾಣಲೆಂದು ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಉಬ್ಬಿಸುತ್ತಾರೆ. ಉಬ್ಬಿದ ಹೊಟ್ಟೆ ಕೆಳಗಿನಿಂದ ಶ್ವಾಸಕೋಶವನ್ನು ಒತ್ತುತ್ತದೆ. ತಿಮ್ಮಿಯ ಎದೆಯ ಮೇಲೆ ಅವಳ ಮೈಯ ಭಾರವೇ ಸಾಕಷ್ಟಿದೆ. ಅಂಥವಳಿಗೆ ನನ್ನ ಆಯ್ಕೆ ಪ್ರೆಷರ್ ಮೋಡು, ಮತ್ತು ಎಷ್ಟು ಗಾಳಿ ಹೋಗುತ್ತಿದೆ ಎಂಬುದರ ಮೇಲಿಂದ ಕಣ್ಣು ತೆಗೆಯದೆ ಕೂರುವುದು. ಎಲ್ಲರಿಗೂ ಇದೇ ಸರಿ ಎಂದು ನಾನು ಹೇಳುವುದಿಲ್ಲ. ಮತ್ತೊಬ್ಬರಿಗೆ ವಾಲ್ಯೂಮ್ ಮೋಡನ್ನೇ ಇಟ್ಟೇನು. ಮಲಗಿದವರನ್ನು ನೋಡಿ ಆರಿಸಬೇಕು, ಗೋಡೆಯನ್ನು ನೋಡಿ ಅಲ್ಲ.

ಹರಿಹರ ಒಳಗೆ ಬಂದರು. ಅರವತ್ತರ ಹತ್ತಿರದ ಮನುಷ್ಯ, ಕೈ ಬಹಳ ಒಳ್ಳೆಯದು, ಒಪ್ಪುತ್ತೇನೆ. ಆದರೆ ಆ ಕಟ್ಟಡದಲ್ಲಿ ಹಾರುವ ನೊಣವೂ ತಮ್ಮನ್ನು ಕೇಳಿ ಹಾರಬೇಕು ಎಂಬ ಸ್ವಭಾವ. ದೇವರಾಜ ಕಣ್ಣಲ್ಲೇ ಯಂತ್ರ ತೋರಿಸಿದ.

“ಎಂತದು ದೀಕ್ಷಾ ಇದು? ಇಲ್ಲಿ ಮೊದಲಿಂದ ನಡೆದು ಬಂದ ಸೆಟ್ಟಿಂಗ್ ಅದು.”

“ಮೊದಲಿಂದ ನಡೆದದ್ದು ತಪ್ಪೂ ಇರಬಹುದು ಸರ್.”

“ಸಾವಿರ ಕೇಸು ಮಾಡಿದ್ದೇನೆ ಮಾರಾಯ್ತಿ. ಯಾರಿಗೂ ಎಂತದೂ ಆಗಲಿಲ್ಲ.”

“ಆಪರೇಷನ್ ಆಗಿ ಮೂರು ದಿನಕ್ಕೆ ಕೆಮ್ಮು ಜ್ವರ ಅಂತ ಬಂದವರನ್ನ ಲೆಕ್ಕ ಇಟ್ಟಿದ್ದೀರಾ? ಹೊಟ್ಟೆಯ ಒತ್ತಡ ಹನ್ನೆರಡು ಇರಲಿ, ಅದರ ಮೇಲೆ ಹೋಗಬೇಡಿ. ಉಸಿರಿನ ಯಂತ್ರ ನನಗೆ ಬಿಡಿ.”

ಅವರು ಮುಖ ತಿರುಗಿಸಿ ಕೈ ತೊಳೆಯಲು ಹೋದರು. ಸಿಟ್ಟಿನಲ್ಲೇ ನಾನು ತಿಮ್ಮಿಗೆ ಮದ್ದು ಕೊಟ್ಟೆ. ಕಣ್ಣು ಮುಚ್ಚುವ ಮೊದಲು ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು, ಮೀನು ಹಿಡಿದು ಹಿಡಿದು ಒರಟಾದ ಕೈ. ನಿದ್ದೆ ಬಂದು ಅದು ಸಡಿಲವಾಯಿತು. ಗಿಡ್ಡ ಕುತ್ತಿಗೆ, ದಪ್ಪ ಗಲ್ಲ. ಮುಖಕ್ಕೆ ಮಾಸ್ಕ್ ಒತ್ತಿ ಹಿಡಿದು ಕೈಯಿಂದ ಗಾಳಿ ಊದುವುದು ಸುಲಭವಾಗಲಿಲ್ಲ. ಜೋರಾಗಿಯೇ ಊದಬೇಕಾಯಿತು. ಆಮೇಲೆ ಗಂಟಲಿಗೆ ನಳಿಗೆ ಇಳಿಸಿ ಯಂತ್ರಕ್ಕೆ ಜೋಡಿಸಿದೆ. ಮುನ್ನೂರ ಇಪ್ಪತ್ತರ ಹತ್ತಿರ ಗಾಳಿ ಹೋಗಿ ಬರತೊಡಗಿತು. ‘ಈಗ ಎಂತ ಹೇಳ್ತ್ರಿ ನೋಡ್ವ’ ಎಂದು ಒಳಗೊಳಗೇ ಹರಿಹರ ಅವರಿಗೆ ಸವಾಲು ಹಾಕುತ್ತಿದ್ದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಗೆದ್ದೆ ಅಂತಲೇ ಅನಿಸಿತ್ತು.

ಹೊಟ್ಟೆಗೆ ಗ್ಯಾಸ್ ತುಂಬಿದರು. ಗಾಳಿ ಇನ್ನೂರ ಎಂಬತ್ತಕ್ಕೆ ಇಳಿಯಿತು. ಒತ್ತಡ ಸ್ವಲ್ಪವೇ ಏರಿಸಿ, ನಿಮಿಷಕ್ಕೆ ಎರಡು ಉಸಿರು ಹೆಚ್ಚು ಮಾಡಿದೆ, ಸರಿಹೋಯಿತು. ಹತ್ತು ನಿಮಿಷ ಕೆಲಸ ನಡೆಯಿತು. ಆಮೇಲೆ ನೋಡನೋಡುತ್ತಿದ್ದಂತೆ ಗಾಳಿ ಇನ್ನೂರ ನಲವತ್ತು, ಇನ್ನೂರ ಹತ್ತು. ಹೊರಬರುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ಮೂವತ್ತಾರರಿಂದ ನಲವತ್ತೆಂಟಕ್ಕೆ ಹತ್ತಿತು. ನಳಿಗೆ ಮಡಚಿದೆಯೇ ನೋಡಿದೆ, ಇಲ್ಲ. ಎದೆಗೆ ಕಿವಿಯಿಟ್ಟೆ, ಎರಡೂ ಬದಿ ಸರಿಯಿತ್ತು. ಕೊನೆಗೆ ಗ್ಯಾಸಿನ ಪೆಟ್ಟಿಗೆಯ ಕಡೆ ಬಗ್ಗಿದರೆ ಅಲ್ಲಿ ಹನ್ನೆರಡಿನ ಜಾಗದಲ್ಲಿ ಹದಿನಾರು.

“ಯಾರು ಏರಿಸಿದ್ದು?”

ದೇವರಾಜ ನೆಲ ನೋಡಿದ.

“ನಾನೇ ಹೇಳಿದೆ,” ಎಂದರು ಹರಿಹರ, ಟಿವಿಯಿಂದ ಕಣ್ಣು ತೆಗೆಯದೆ. “ಎಂತದೂ ಕಾಣುವುದಿಲ್ಲ. ಎಲ್ಲ ಮೇಲೆ ಬಂದು ಕೂತಿದೆ.”

“ನನಗೆ ಹೇಳದೆ ಏರಿಸಿದಿರಲ್ಲ ಸರ್! ನೀವು ಅಲ್ಲಿ ಒತ್ತಿದರೆ ಇಲ್ಲಿ ಅವಳ ಉಸಿರು ನಿಲ್ಲುತ್ತದೆ.”

“ಅದಕ್ಕೇ ಹೇಳಿದ್ದು, ವಾಲ್ಯೂಮ್ ಮೋಡಿಗೆ ಹಾಕು, ತಳ್ಳುತ್ತದೆ.”

“ತಳ್ಳಿ ತಳ್ಳಿ ಶ್ವಾಸಕೋಶ ಹರಿಯಲಾ? ದೇವರಾಜ, ಹನ್ನೆರಡಕ್ಕೆ ಇಳಿಸು.”

ದೇವರಾಜ ಅತ್ತ ಇತ್ತ ನೋಡುತ್ತ ನಿಂತ. ನಾನೇ ಎದ್ದು ಹೋಗಿ ಇಳಿಸಿದೆ. ಹರಿಹರ ಕೈಯಲ್ಲಿದ್ದ ಸಲಕರಣೆ ಹೊರಗೆಳೆದು ಟ್ರೇಗೆ ಹಾಕಿದರು.

“ಆತು ಹಾಗಾದರೆ. ಕಾಣದೆ ಕೈ ಹಾಕಿ ಪಿತ್ತನಾಳ ಕತ್ತರಿಸಲು ನಾನು ತಯಾರಿಲ್ಲ. ಹದಿನಾರು ಕೊಡದಿದ್ದರೆ ಓಪನ್ ಮಾಡುತ್ತೇನೆ. ಸಿಸ್ಟರ್, ಬ್ಲೇಡು.”

ಅಯ್ಯೋ ದೇವರೇ! ತಿಮ್ಮಿ ತಾನಾಗಿ ಉಸಿರಾಡಲೂ ಆಗದೆ, ಮಾತಾಡಲೂ ಆಗದೆ ಅಲ್ಲಿ ಬಿದ್ದಿದ್ದಳು. ಅವಳ ಪರವಾಗಿ ಮಾತಾಡಲು ಆ ಕೋಣೆಯಲ್ಲಿ ಇದ್ದವಳು ನಾನೊಬ್ಬಳೇ.

“ಕೊಯ್ಯುವ ಹಾಗಿಲ್ಲ,” ಎಂದೆ.

“ಏನಂದೆ?”

“ಕೊಯ್ಯುವ ಹಾಗಿಲ್ಲ ಅಂದೆ. ಅವಳ ಜೀವಕ್ಕೆ ಈಗ ಎಂತದೂ ಆಗಿಲ್ಲ. ನಿಮ್ಮ ಸಿಟ್ಟಿಗೆ ಅವಳ ಹೊಟ್ಟೆ ಯಾಕೆ ಸೀಳಬೇಕು? ಸೋಮವಾರ ಪೇಟೆಯಲ್ಲಿ ಕೂರದಿದ್ದರೆ ಅವಳ ಜಾಗ ಹೋಗುತ್ತದೆ. ತಾಯಿಯ ಕಾಲದ ಜಾಗ.”

“ಮೀನುಪೇಟೆಯ ಜಾಗ ನೋಡಿ ನಾನು ಆಪರೇಷನ್ ಮಾಡಬೇಕಾ? ಒಳಗೆ ಎಂತ ಇದೆ ಅಂತ ನೀನೇ ಒಂದು ಸಲ ನೋಡು!”

ಆಗ ನೋಡಿದೆ. ಅಷ್ಟು ಹೊತ್ತೂ ನನ್ನ ಕಣ್ಣು ನನ್ನ ಯಂತ್ರದ ಮೇಲಿತ್ತು, ಅವರ ಕಣ್ಣು ಟಿವಿಯ ಮೇಲಿತ್ತು, ಇಬ್ಬರ ಮನಸ್ಸೂ ಜಗಳದ ಮೇಲಿತ್ತು. ಟಿವಿಯಲ್ಲಿ ಬೆಳ್ಳಗೆ, ಬಿಗಿಯಾಗಿ, ಬಲೂನಿನಂತೆ ಉಬ್ಬಿದ್ದೊಂದು ಪಿತ್ತಕೋಶದ ದಾರಿಗೆ ಅಡ್ಡ ಕೂತಿತ್ತು. ಜಠರ. ಗಾಳಿ ತುಂಬಿದ ಜಠರ.

ಅದಕ್ಕೆ ಗಾಳಿ ಊದಿದವಳು ನಾನು. ಮಾಸ್ಕ್ ಒತ್ತಿ ಜೋರಾಗಿ ಊದಿದಾಗ ಅರ್ಧ ಎದೆಗೆ ಹೋಗಿದೆ, ಅರ್ಧ ಜಠರಕ್ಕೆ ಇಳಿದಿದೆ. ಹಾಗಾದಾಗ ಮೂಗಿನಿಂದಲೋ ಬಾಯಿಯಿಂದಲೋ ಒಂದು ಸಣ್ಣ ನಳಿಗೆ ಇಳಿಸಿ ಆ ಗಾಳಿ ತೆಗೆಯುವುದು ಪ್ರತಿಯೊಂದು ಕೇಸಿನಲ್ಲೂ ನಾನು ಮಾಡುವ ಕೆಲಸ. ಅವತ್ತು ಮಾಡಿರಲಿಲ್ಲ. ಹರಿಹರ ಅವರಿಗೆ ಮನಸ್ಸಿನಲ್ಲೇ ಉತ್ತರ ಕೊಡುತ್ತ ಮರೆತಿದ್ದೆ. ಮೋಡಿನ ಲೆಕ್ಕವೆಲ್ಲ ಸರಿಯಿಟ್ಟು, ಮೊದಲ ವರ್ಷದ ಹುಡುಗಿಯರೂ ಬಿಡದ ಕೆಲಸ ಬಿಟ್ಟಿದ್ದೆ. ಇದಕ್ಕಿಂತ ನಾಚಿಕೆ ಬೇರೆ ಬೇಕೆ!

ಸುಮ್ಮನಿದ್ದು, ‘ಯಾಕೋ ಉಬ್ಬಿದೆ ನೋಡಿ’ ಎಂದು ಸದ್ದಿಲ್ಲದೆ ನಳಿಗೆ ಹಾಕಿಬಿಡಬಹುದಿತ್ತು. ಹಾಗೆ ಅನಿಸಿತೂ ಹೌದು, ಸುಳ್ಳು ಯಾಕೆ ಹೇಳಲಿ. ಆದರೆ ಹದಿನಾರಕ್ಕೆ ಯಾರು ಏರಿಸಿದ್ದು ಎಂದು ಈಗಷ್ಟೇ ಗದರಿದ ಬಾಯಿ ಇದು.

“ಸರ್, ತಪ್ಪು ನನ್ನದು,” ಎಂದೆ, ಎಲ್ಲರಿಗೂ ಕೇಳುವ ಹಾಗೆ. “ಜಠರಕ್ಕೆ ಗಾಳಿ ಹೋಗಿದೆ. ನಳಿಗೆ ಹಾಕಲು ನಾನು ಮರೆತೆ. ಐದು ನಿಮಿಷ ಕೊಡಿ. ಆಮೇಲೂ ಕಾಣದಿದ್ದರೆ ಓಪನ್ ಮಾಡಿ, ಅವಳಿಗೆ ಉತ್ತರ ನಾನು ಹೇಳುತ್ತೇನೆ. ಆದರೆ ಹನ್ನೆರಡು ಹನ್ನೆರಡೇ, ಮೋಡು ಇದೇ. ಅದರಲ್ಲಿ ನಾನು ತಪ್ಪಿಲ್ಲ.”

ಹರಿಹರ ಗಡಿಯಾರ ನೋಡಿದರು. “ಐದೇ ನಿಮಿಷ.”

ನಳಿಗೆ ಮೊದಲ ಸಲ ಬಾಯಲ್ಲೇ ಸುರುಳಿಯಾಯಿತು. ಎರಡನೆಯ ಸಲವೂ ಇಳಿಯಲಿಲ್ಲ. ದೇವರಾಜ ಯಾರೂ ಹೇಳದೆಯೇ ಬಂದು ತಿಮ್ಮಿಯ ಗಲ್ಲವನ್ನು ಮುಂದಕ್ಕೆ ಎತ್ತಿ ಹಿಡಿದ. ಮೂರನೆಯ ಸಲ ಇಳಿಯಿತು. ಎಳೆಯುವ ಯಂತ್ರಕ್ಕೆ ಜೋಡಿಸಿದ್ದೇ ತಡ, ಬುಸ್ ಎಂದು ಗಾಳಿ ಬಂತು. ಟಿವಿಯಲ್ಲಿ ಆ ಬಿಳಿಯ ಉಬ್ಬು ಸುಕ್ಕಾಗಿ ಪಕ್ಕಕ್ಕೆ ಬಿತ್ತು. ಹೊಟ್ಟೆಯ ಸ್ನಾಯುಗಳು ಇನ್ನೂ ಸಡಿಲವಾಗಲೆಂದು ಮದ್ದು ಕೊಟ್ಟೆ. ಟೇಬಲ್ಲಿನ ತಲೆಯ ಬದಿ ಎತ್ತಿಸಿ, ಎಡಕ್ಕೆ ವಾಲಿಸಿದೆ. ಕರುಳೆಲ್ಲ ಕೆಳಗೆ ಜಾರಿತು. ಎದೆಯ ಮೇಲಿನ ಒತ್ತು ತಗ್ಗಿದ್ದರಿಂದ ಗಾಳಿ ಒಮ್ಮೆಲೇ ಮುನ್ನೂರ ಅರವತ್ತಕ್ಕೆ ಹಾರಿತು. ಪ್ರೆಷರ್ ಮೋಡು ಹೀಗೂ ಕೈಕೊಡುತ್ತದೆ, ದಾರಿ ಬಿಟ್ಟರೆ ಸಿಕ್ಕಾಪಟ್ಟೆ ತುಂಬುತ್ತದೆ. ಒತ್ತಡ ಇಳಿಸಿ ಮುನ್ನೂರ ಇಪ್ಪತ್ತಕ್ಕೆ ತಂದು ನಿಲ್ಲಿಸಿದೆ.

“ಸರ್, ನೋಡಿ.”

ಅವರು ಕ್ಯಾಮೆರಾವನ್ನು ಇನ್ನೂ ಮುಂದಕ್ಕೆ ತಳ್ಳಿದರು. ಪಿತ್ತಕೋಶ ಎದುರಿಗೇ ಕಂಡಿತು, ಊದಿ ಕೆಂಪಾಗಿ, ಕಲ್ಲು ತುಂಬಿಕೊಂಡು. ಹರಿಹರ ಸಿಸ್ಟರ್ ಕಡೆ ಕೈ ಚಾಚಿದರು. ಬ್ಲೇಡು ಕೇಳಲಿಲ್ಲ, ಉದ್ದ ಕತ್ತರಿ ಕೇಳಿದರು. ಐವತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಅಷ್ಟು ಅಚ್ಚುಕಟ್ಟಾಗಿ ಈ ಕರಾವಳಿಯಲ್ಲಿ ಬೇರೆ ಯಾರೂ ಮಾಡಲಾರರು, ಅದನ್ನೂ ಹೇಳಿಬಿಡುತ್ತೇನೆ.

ಕೊನೆಗೆ ನಾನು ಕೇಸ್ ಶೀಟು ಬರೆಯುತ್ತ ಕೂತಿದ್ದಾಗ ಅವರು ಹಿಂದೆ ಬಂದು ನಿಂತರು. ಎತ್ತರ ಇಷ್ಟು, ಆದ್ದರಿಂದ ಗಾಳಿ ಇಷ್ಟು, ಮೋಡು ಇದು ಎಂದು ಬರೆದಿದ್ದೆ. ಜಠರದ ನಳಿಗೆ ತಡವಾಯಿತು, ಅರಿವಳಿಕೆ ವೈದ್ಯೆಯ ತಪ್ಪು, ಎಂದೂ ಬರೆದಿದ್ದೆ. ಅದರ ಕೆಳಗೆ, ತಿಳಿಸದೆ ಹೊಟ್ಟೆಯ ಒತ್ತಡ ಹದಿನಾರಕ್ಕೆ ಏರಿಸಲಾಯಿತು ಎಂದು.

“ಕೊನೆಯ ಸಾಲು ಬೇಕಾ?” ಎಂದರು.

“ನನ್ನ ತಪ್ಪಿನ ಸಾಲು ಇರುವುದಾದರೆ ಅದೂ ಇರಬೇಕು ಸರ್.”

“ಮುಂದಿನ ಬುಧವಾರಕ್ಕೆ ಕಾರವಾರದಿಂದ ಬೇರೆಯವರನ್ನು ಕರೆಸುತ್ತೇನೆ.”

“ಕರೆಸಿ. ಅವರಿಗೂ ಈ ಪುಟ ಓದಲು ಕೊಡಿ.”

ಅವರು ಹೋದರು. ಕುಮಟಾದ ಬುಧವಾರ ಎಂದರೆ ನನ್ನ ಕೆಲಸದ ಮೂರನೆಯ ಒಂದು ಪಾಲು. ಆದರೂ ಪೆನ್ನು ತೆಗೆದು ಸಹಿ ಹಾಕಿದೆ, ಹೆಸರು ಪೂರ್ತಿ ಕಾಣುವ ಹಾಗೆ.

ಮಧ್ಯಾಹ್ನ ತಿಮ್ಮಿಗೆ ಪೂರ್ತಿ ಎಚ್ಚರವಾಯಿತು. ಮಾಬ್ಲ ಹಾಸಿಗೆಯ ಬದಿಗೆ ನಿಂತಿದ್ದ, ನಾನು ನಾಡಿ ನೋಡುತ್ತಿದ್ದೆ. ಅವಳು ನನ್ನನ್ನೂ ನೋಡಲಿಲ್ಲ, ಮಗನನ್ನೂ ನೋಡಲಿಲ್ಲ. ಹೊದಿಕೆಯ ಒಳಗೆ ಕೈ ಹಾಕಿ ಹೊಟ್ಟೆ ತಡವಿದಳು. ಹೊಕ್ಕುಳ ಹತ್ತಿರ ಒಂದು ಪಟ್ಟಿ. ಮೇಲೆ ಒಂದು. ಬಲಕ್ಕೆ ಎರಡು. ಉದ್ದದ ಪಟ್ಟಿ ಎಲ್ಲಿಯೂ ಸಿಗಲಿಲ್ಲ. ಮತ್ತೊಮ್ಮೆ ಮೇಲಿನಿಂದ ಕೆಳಗೆ ತಡವಿದಳು.

“ಕೊಯ್ಲಿಲ್ಲ,” ಎಂದಳು. ನಳಿಗೆ ಹಾಕಿದ ಗಂಟಲು, ದನಿ ಒಡೆದಿತ್ತು.

“ಇಲ್ಲ ತಿಮ್ಮಕ್ಕ, ಕೊಯ್ಲಿಲ್ಲ.”

ಅವಳ ಕಣ್ಣಿನ ಎರಡೂ ಬದಿಯಿಂದ ನೀರು ಇಳಿದು ಕಿವಿಗೆ ಹೋಯಿತು. ನನಗೂ ಅಳು ಬಂತು. ನಾಡಿ ಎಣಿಸುವುದು ತಪ್ಪಿತು, ಮತ್ತೆ ಮೊದಲಿಂದ ಶುರು ಮಾಡಿದೆ. ಅಮ್ಮ ನೋವಿಗೆ ಅಳುತ್ತಿದ್ದಾಳೆಂದು ಮಾಬ್ಲ ಗಾಬರಿಯಾಗಿ ಬಗ್ಗಿದ.

“ಎಂತಾತು ಅಬ್ಬೆ? ನೋವು ಅದ್ಯಾ?”

ತಿಮ್ಮಿ ಅವನ ಅಂಗಿ ಹಿಡಿದು ಹತ್ತಿರ ಎಳೆದಳು.

“ಮಾಬ್ಲ, ಈಗ್ಲೇ ಪೇಟಿಗೆ ಹೋಗು. ಕಾಳಿ ಹತ್ರ ಹೇಳು, ಸೋಮವಾರ ಬತ್ತೆ ಅಂತ ತಿಮ್ಮಿ ಹೇಳಿದ್ಳು. ಬುಟ್ಟಿ ನನ್ನ ಜಾಗಕ್ಕೆ ಸರ್ಸಿದ್ರೆ, ನಾ ಬಪ್ಪುದ್ರೊಳಗೆ ಅವ್ಳೇ ಎತ್ತಿಟ್ಕಳ್ಲಿ.”